ಎಂಜಿನ್ ಇಳಿಸಬೇಕು

ಯತ್ತಪ್ಪ ಕಾರಿನ ಎಂಜಿನ್ನಿಗೆ ಒಂದಿಷ್ಟು ಎಣ್ಣೆ ಹುಯ್ದು ಇನ್ನೇನು ಮುಚ್ಚಳ ಹಾಕಬೇಕು, ಅಷ್ಟರಲ್ಲಿ ಒಳಗಿನಿಂದ ಅವನ ಹೆಂಡತಿ ಯಶೋದಾ, "ಏನ್ರಿ, ಮಂಡಕ್ಕಿ ಮೆತ್ತಗಾಗ್ತೈತೆ, ಬರ್ರಿ" ಎಂದು ಕೂಗಿದಳು. ಒಗ್ಗರಣೆ ಮಂಡಕ್ಕಿ ಅಂದರೆ ಯತ್ತಪ್ಪನಿಗೆ ಪ್ರಾಣ. ಮುಚ್ಚಳವನ್ನು ಗೋಡೆಯ ಮೇಲಿಟ್ಟು, ಬಾನೆಟ್ಟನ್ನು ಬಾಯಿ ತೆರೆದ ಮೊಸಳೆಯ ಹಾಗೆ ಎತ್ತಿ ನಿಲ್ಲಿಸಿ ಒಳಗೆ ಓಡಿದ. ತಿಂದು, ಚಾ ಕುಡಿದು, ಇನ್ನೊಂದು ಸಲ ತಿಂದು ಹೊರಗೆ ಬಂದಾಗ ಕತ್ತಲಾಗಿತ್ತು. ತಡಕಾಡಿ ಮುಚ್ಚಳ ತಿರುವಿದ, ಬಾನೆಟ್ ಹಾಕಿದ, ಎಳೆಗರುವಿನ ಮೈ ಸವರುವಂತೆ ಕಾರಿನ ಮೈ ಸವರಿ ಮಲಗಲು ಹೋದ.

ಮಾರನೆಯ ದಿನಕ್ಕಾಗಿ ಗಂಡ ಹೆಂಡತಿ ಇಬ್ಬರೂ ವರ್ಷದಿಂದ ಕಾದಿದ್ದರು. ಯಶೋದಾಳ ತಂಗಿ ಕಾವ್ಯ ಹೊಳಲ್ಕೆರೆಯಲ್ಲಿ ಹೊಸ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಹಾಲುಕ್ಕಿಸುವ ಹಿತ್ತಾಳೆ ಪಾತ್ರೆ ಅಕ್ಕನ ಮನೆಯಿಂದಲೇ ಹೋಗಬೇಕು, ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಮುಟ್ಟಬೇಕು ಎಂದು ಮಾತಾಗಿತ್ತು. ಇಷ್ಟೇ ಆಗಿದ್ದರೆ ತಮ್ಮೂರು ಮತ್ತೋಡಿನಿಂದ ಬಸ್ಸು ಹತ್ತಿ ಹೋಗಬಹುದಿತ್ತು. ಆದರೆ ಕಾವ್ಯಳ ಗಂಡ ವಿನೋದ್ ತನ್ನ ಮಗುವಿನ ನಾಮಕರಣದ ದಿನ ತುಂಬಿದ ಪಂಕ್ತಿಯಲ್ಲಿ, "ಅಣ್ಣಾ, ಕೊನೇ ಬಸ್ ಹೋದೀತು, ಪಾಯಸ ಡಬ್ಬಿಗೆ ಹಾಕ್ಕೊಡ್ಸಲಾ?" ಎಂದು ನಕ್ಕಿದ್ದ. ಜೊತೆಗೆ ಇಡೀ ಪಂಕ್ತಿಯೇ ನಕ್ಕಿತ್ತು. ಅವತ್ತು ಯಶೋದಾ ಎಲೆ ಮಡಚುತ್ತಾ ಗಂಡನ ಕಿವಿಯಲ್ಲಿ, "ಇನ್ನು ಈ ಮನೆಗೆ ಬಂದ್ರೆ ಸ್ವಂತ ಕಾರಲ್ಲೇ. ಇಲ್ದಿದ್ರೆ ನಾನೂ ಬರಲ್ಲ, ನನ್ನ ಹೆಣಾನೂ ಬರಲ್ಲ" ಎಂದಿದ್ದಳು. ಯತ್ತಪ್ಪ ಹೈಸ್ಕೂಲಿನ ಗುಮಾಸ್ತ. ಹೇಗೋ ಏನೋ, ಅಂತೂ ಒಂದು ಕೆಂಪು ಬಣ್ಣದ ಹಳೇ ಕಾರು ಅವನ ಮನೆಮುಂದೆ ಬಂದು ನಿಂತಿತು.

ಆ ಕಾರನ್ನು ಕಂಡರೆ ಆಗದಿದ್ದವಳು ಅವನ ತಾಯಿ ಜುಂಜಮ್ಮ ಒಬ್ಬಳೇ. ಹುಟ್ಟಿದಾಗಿನಿಂದ ಕುರಿ ಕಾಯ್ದವಳು. "ಒಂದು ಕುರಿ ಹಾಕಂಗಿಲ್ಲ, ಒಂದು ಹೊರೆ ಹುಲ್ಲು ಹೇರಂಗಿಲ್ಲ. ಇದೂ ಒಂದ್ ಗಾಡಿಯಾ?" ಎಂದು ಕಾರು ಬಂದ ದಿನವೇ ಮುಖ ತಿರುವಿದ್ದಳು.

ಅಂಥ ಜುಂಜಮ್ಮ ಅವತ್ತು ಬೆಳಗಾಗುವ ಮೊದಲೇ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಬಂದು, ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಕಾರಿಗೆ ಮೂರು ಸುತ್ತು ಬಂದು, ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು. ಹಲ್ಲುಜ್ಜುತ್ತಾ ಕಿಟಕಿಯಲ್ಲಿ ನಿಂತಿದ್ದ ಯತ್ತಪ್ಪ ಬಾಯಿಯ ನೊರೆ ಉಗುಳಿ ಕೂಗಿದ.

"ಯಶೋದಾ, ಬಾರೆ ಇಲ್ಲಿ, ನೋಡೆ! ಅವ್ವ ಕೊನೆಗೂ ಕಾರನ್ನ ಒಪ್ಕೊಂಡ್ಲು!"

ಸೊಸೆ ಬಂದು ನೋಡುವಷ್ಟರಲ್ಲಿ ಜುಂಜಮ್ಮ ಕುರಿ ಬಿಟ್ಟುಕೊಂಡು ಹೊಲದ ದಾರಿ ಹಿಡಿದಾಗಿತ್ತು. "ಹೊರಡೋ ಹೊತ್ತಿಗೆ ಬತ್ತೀನಿ" ಎಂಬ ಮಾತು ಮಾತ್ರ ದೂರದಿಂದ ಕೇಳಿತು.

ಯತ್ತಪ್ಪ ಹುರುಪಿನಿಂದ ಹೋಗಿ ಕೀಲಿ ತಿರುವಿದ. ಕಾರು ಒಂದು ಸಲ ಕೆಮ್ಮಿತು. ಎರಡನೇ ಸಲ ಸೀನಿತು. ಆಮೇಲೆ ಬೀಸುವ ಕಲ್ಲಿಗೆ ರಾಗಿಯ ಜೊತೆ ಕಲ್ಲುಚೂರು ಸಿಕ್ಕಿದಂತೆ ಕಟಕಟಕಟ ಅನ್ನತೊಡಗಿತು. ಸ್ಟೇರಿಂಗ್ ಹಿಂದಿನ ಫಲಕದಲ್ಲಿ ಎಂಜಿನ್ ಎಣ್ಣೆಯ ಚಿತ್ರ ಕೆಂಪಗೆ ಹೊತ್ತಿಕೊಂಡಿತು. ಹಿಂದಿನ ಕೊಳವೆಯಿಂದ ಬೆಳ್ಳಗೆ ಹೊಗೆ ಬಂದು ಬೀದಿ ತುಂಬಿತು.

ಹೊಗೆಯ ಒಳಗಿನಿಂದ ಮೊದಲು ಕಾಣಿಸಿಕೊಂಡವನು ಎದುರು ಮನೆಯ ಮಂಜಣ್ಣ. ಲಾರಿ ಓಡಿಸುವುದು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಖಾಕಿ ಅಂಗಿ ಬಿಟ್ಟಿರಲಿಲ್ಲ.

"ಆಫ್ ಮಾಡ್ಲೇ! ಆಫ್ ಮಾಡೋ ಯತ್ತಾ! ಎಂಜಿನ್ ತಿಂದಾಕ್ತೀಯ!"

ಬಾನೆಟ್ ಎತ್ತಿದ, ಎಣ್ಣೆ ನೋಡುವ ಕಡ್ಡಿ ಎಳೆದ. ಕಪ್ಪಗೆ ಇರಬೇಕಾದ ಎಣ್ಣೆ ಹಾಲು ಜಾಸ್ತಿಯಾದ ಕಾಫಿಯ ಹಾಗಿತ್ತು. ಮುಚ್ಚಳ ತಿರುವಿ ನೋಡಿದರೆ ಅದರ ಒಳಮೈಗೆ ಬೆಣ್ಣೆಯಂಥದೇನೋ ಮೆತ್ತಿಕೊಂಡಿತ್ತು. ಮಂಜಣ್ಣ ನಾಡಿ ನಿಂತವನನ್ನು ನೋಡಿದ ವೈದ್ಯನಂತೆ ತಲೆಯಾಡಿಸಿದ.

"ಮುಗೀತು. ರೇಡಿಯೇಟ್ರು ನೀರು ಎಂಜಿನ್ ಒಳಕ್ಕೆ ಇಳ್ದೈತೆ. ಎಣ್ಣೆ ಬೆಳ್ಳಗಾಯ್ತು ಅಂದ್ರೆ ಇನ್ನೇನಿಲ್ಲ, ಎಂಜಿನ್ ಇಳಿಸ್ಬೇಕು."

"ಇಳಿಸೋದು ಅಂದ್ರೆ?"

"ಇಳಿಸೋದು ಅಂದ್ರೆ ಇಳಿಸೋದು. ಹೊರಗೆ ತೆಗೆದು, ಬಿಚ್ಚಿ, ಒಂದೊಂದು ಸಾಮಾನೂ ಹೊಸದು ಹಾಕಿ, ಮತ್ತೆ ಕೂರಿಸೋದು. ಫುಲ್ ಎಂಜಿನ್ ಕೆಲಸ."

"ಎಷ್ಟ್ ಹೊತ್ತಾಗ್ತೈತೆ? ಮಧ್ಯಾಹ್ನಕ್ಕೆ ಆಗ್ತೈತಾ?"

ಮಂಜಣ್ಣ ನಗಲಿಲ್ಲ. "ಯಾವ ತಿಂಗಳ ಮಧ್ಯಾಹ್ನಕ್ಕೆ?" ಎಂದ.

ಇಷ್ಟು ಹೊತ್ತಿಗೆ ಪಕ್ಕದ ಮನೆಯ ಸಿದ್ದಕ್ಕ ಹಾಲಿನ ಕ್ಯಾನು ಹಿಡಿದುಕೊಂಡೇ ಬಂದಿದ್ದಳು. ಬೀದಿಗೆಲ್ಲ ಅವಳ ಎಮ್ಮೆಯದೇ ಹಾಲು. "ದೃಷ್ಟಿ ಕಣಪ್ಪ. ಕೆಂಪು ಬಣ್ಣ ಬ್ಯಾಡ ಅಂತ ಅವತ್ತೇ ಬಡ್ಕೊಂಡೆ" ಎಂದು ಮೆಣಸಿನಕಾಯಿ ನಿವಾಳಿಸಿ ಬಿಸಿ ಸೈಲೆನ್ಸರಿನ ಮೇಲೆ ಹಾಕಿದಳು. ಘಾಟು ಎದ್ದು ಸೇರಿದವರೆಲ್ಲ ಕೆಮ್ಮಿದರು. "ನೋಡ್ದಾ, ಎಷ್ಟು ದೃಷ್ಟಿ ಆಗಿತ್ತು!" ಎಂದು ಸಿದ್ದಕ್ಕ ಕಣ್ಣೊರೆಸಿಕೊಂಡಳು.

ಬಾಗಿಲಲ್ಲಿ ಯಶೋದಾ ನಿಂತಿದ್ದಳು. ರೇಷ್ಮೆ ಸೀರೆ ಉಟ್ಟಾಗಿತ್ತು, ಹಿತ್ತಾಳೆ ಪಾತ್ರೆ ಕಂಕುಳಲ್ಲಿತ್ತು. ಅವಳು ಬೈಯಲಿಲ್ಲ. ಮೆಲ್ಲಗೆ, "ಬಸ್ಸಲ್ಲಾದ್ರೆ ನಾನ್ ಬರಲ್ಲ. ಪಾತ್ರೇನೂ ಬರಲ್ಲ" ಎಂದು ಒಳಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಯತ್ತಪ್ಪನಿಗೆ.

ಮಂಜಣ್ಣ ತನ್ನ ಟ್ರ್ಯಾಕ್ಟರ್ ತಂದ. ಹಗ್ಗ ಕಟ್ಟಿ ಕಾರನ್ನು ಊರಾಚೆಯ ದುರುಗಣ್ಣನ ಗ್ಯಾರೇಜಿಗೆ ಎಳೆದುಕೊಂಡು ಹೊರಟರು. ಅರಿಶಿನ ಕುಂಕುಮ ಹಚ್ಚಿಸಿಕೊಂಡು, ತಲೆ ತಗ್ಗಿಸಿ ಹಗ್ಗದ ಹಿಂದೆ ಬರುತ್ತಿದ್ದ ಕಾರನ್ನು ನೋಡಿ ಹೋಟೆಲಿನ ಮುಂದೆ ಕೂತಿದ್ದವರು, "ಏನ್ ಯತ್ತಣ್ಣ, ಯಾವ ದೇವರಿಗೆ ಬಿಟ್ಟಿದ್ದು?" ಎಂದು ಕೇಳಿದರು. ಸ್ಟೇರಿಂಗ್ ಹಿಡಿದು ಕೂತಿದ್ದ ಯತ್ತಪ್ಪ ಗಾಜು ಏರಿಸಿಕೊಂಡ.

ದುರುಗಣ್ಣ ಬಾನೆಟ್ಟಿನೊಳಗೆ ತಲೆ ತೂರಿಸಿ ಬಹಳ ಹೊತ್ತು ನಿಂತ. ಎಣ್ಣೆ ನೋಡಿದ. ಬೆರಳಿಗೆ ಹಚ್ಚಿಕೊಂಡು ಉಜ್ಜಿದ. ರೇಡಿಯೇಟರಿನ ಮುಚ್ಚಳ ತೆಗೆದು ಹುಬ್ಬು ಗಂಟಿಕ್ಕಿದ.

"ಎಂಜಿನ್ ಇಳಿಸ್ಬೇಕು ತಾನೇ?" ಎಂದ ಮಂಜಣ್ಣ.

"ತಡಿ ಮಂಜಣ್ಣ. ನೀರು ಎಣ್ಣೆಗೆ ಸೇರೋದು ಕೆಳಗಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಪಟ್ಟಿ, ಹೆಡ್ ಗ್ಯಾಸ್ಕೆಟ್, ಹೋದ್ರೆ. ಅಷ್ಟೇ ಆಗಿದ್ರೆ ಮೇಲಿನ ಹೆಡ್ ಬಿಚ್ಚಿ ಗ್ಯಾಸ್ಕೆಟ್ ಹಾಕಿದ್ರೆ ಸಾಕು, ಎಂಜಿನ್ ಇಳಿಸೋದೇನೂ ಬ್ಯಾಡ. ಕೆಳಗೆ ಬ್ಲಾಕೇ ಸೀಳಿದ್ರೆ ಮಾತ್ರ ಇಳಿಸ್ಬೇಕು."

"ಹೆಡ್ ಬಿಚ್ಚೋಕೆ ಎಷ್ಟೊತ್ತು?" ಯತ್ತಪ್ಪನ ದನಿಯಲ್ಲಿ ಜೀವ ಬಂತು.

"ಬಿಚ್ಚಿ, ಚಿತ್ರದುರ್ಗಕ್ಕೆ ಕಳಿಸಿ ಅದರ ತಳ ಉಜ್ಜಿ ಮಟ್ಟ ಮಾಡಿಸ್ಕೊಂಡ್ ಬರ್ಬೇಕು. ನಾಡಿದ್ದು."

ಬಂದ ಜೀವ ಬಂದ ದಾರಿಯಲ್ಲೇ ಹೋಯಿತು.

"ಅರೆಬರೆ ಕೆಲಸ ಮಾಡಿಸ್ಬ್ಯಾಡಲೇ ಯತ್ತಾ" ಎಂದ ಮಂಜಣ್ಣ. "ಇವತ್ತು ಗ್ಯಾಸ್ಕೆಟ್ ಹಾಕ್ತೀಯ, ನಾಳೆ ಪಿಸ್ಟನ್ ಹಿಡ್ಕೊಂತೈತೆ, ನಾಡಿದ್ದು ಬೇರಿಂಗು. ಇಳಿಸೇ ಬಿಡು. ಹೊಸಾ ಗಾಡಿ ಆಗ್ತೈತೆ."

"ನನಗೆ ಹೊಸಾ ಗಾಡಿ ಬ್ಯಾಡ ಕಣಣ್ಣ! ಸಂಜೆ ದೀಪ ಹಚ್ಚೋ ಹೊತ್ತಿಗೆ ಹೊಳಲ್ಕೆರೆ ಮುಟ್ಟೋ ಗಾಡಿ ಸಾಕು!"

ಆಗಲೇ ಅವನ ಜೇಬಿನಲ್ಲಿ ಫೋನು ಕಿರುಚಿತು. ವಿನೋದ್. "ಅಣ್ಣಾ, ಕಾರ್ ತರ್ತಿದೀರಂತೆ! ಮನೆ ಮುಂದೆ ನಿಮಗೇ ಅಂತ ಜಾಗ ಬಿಡಿಸಿ, ಹಗ್ಗ ಕಟ್ಸಿದೀನಿ. ಬರ್ತೀರಿ ತಾನೇ, ಅಥವಾ ಬಸ್ ಸ್ಟ್ಯಾಂಡಿಗೆ ಯಾರನ್ನಾದ್ರೂ ಕಳಿಸ್ಲಾ?"

"ಬತ್ತೀವಪ್ಪ, ಕಾರಲ್ಲೇ ಬತ್ತೀವಿ!" ಎಂದು ಯತ್ತಪ್ಪ ಗ್ಯಾರೇಜು ಅದುರುವಂತೆ ಅರಚಿದ.

ದುರುಗಣ್ಣ ಇನ್ನೂ ರೇಡಿಯೇಟರನ್ನೇ ನೋಡುತ್ತಿದ್ದ. "ಒಂದ್ ವಿಷ್ಯ ನನಗೆ ತಿಳೀತಾ ಇಲ್ಲ. ಇದರ ನೀರು ಎಣ್ಣೆಗೆ ಹೋಗಿದ್ರೆ ಇಲ್ಲಿ ಕಮ್ಮಿ ಆಗ್ಬೇಕಿತ್ತಲ್ಲ? ತುಂಬಿ ತುಳುಕ್ತೈತೆ. ಮೊದ್ಲು ಎಣ್ಣೆ ಇಳಿಸಿ ನೋಡಾಣ."

ಕಾರಿನ ಹೊಟ್ಟೆಯ ಕೆಳಗೆ ಬಾಣಲೆ ಇಟ್ಟು ತಿರುಪು ಬಿಚ್ಚಿದ. ಬೆಳ್ಳಗಿನ ಎಣ್ಣೆ ಗಂಜಿಯಂತೆ ಲೊಳಲೊಳ ಇಳಿಯಿತು. ಮೂವರೂ ಬಗ್ಗಿ ನೋಡುತ್ತಿರುವಾಗ ಟಯರುಗಳ ರಾಶಿಯ ಮೇಲೆ ಮಲಗಿದ್ದ ಗ್ಯಾರೇಜಿನ ಬೆಕ್ಕು ಎದ್ದು ಬಂತು. ಬಾಣಲೆಯನ್ನು ಮೂಸಿತು. ಬಾಲ ನೆಟ್ಟಗೆ ಮಾಡಿ ಒಂದು ಸಲ ನೆಕ್ಕಿತು. ಮುಖ ಕಿವುಚಿಕೊಂಡು ಮೂರು ಸಲ ಸೀನಿತು. ಆದರೂ ಬಿಟ್ಟು ಹೋಗಲು ಮನಸ್ಸಿಲ್ಲದೆ ಅಲ್ಲೇ ಕೂತು 'ಮಿಯಾಂವ್' ಎಂದಿತು.

"ಬೆಕ್ಕು ಎಂಜಿನ್ ಎಣ್ಣೆ ನೆಕ್ಕಿದ್ದು ಎಲ್ಲಾದ್ರೂ ನೋಡಿದೀರಾ?" ಎಂದ ದುರುಗಣ್ಣ. ತಾನೂ ಬಗ್ಗಿ ಮೂಸಿದ. ಅವನ ಕಣ್ಣು ಅಗಲವಾಯಿತು. "ಅಣ್ಣಾ, ಇದು ಹಾಲು!"

"ಹಾಲಾ?"

"ಹಾಲೇ. ಹುಳಿ ವಾಸ್ನೆ ಬತ್ತೈತೆ ನೋಡು. ಯಾರೋ ಮುಚ್ಚಳ ತೆಗೆದು ಎಂಜಿನ್ನಿಗೆ ಹಾಲು ಹುಯ್ದವ್ರೆ. ಹಾಲು ಕಮ್ಮಿ, ನೀರೇ ಜಾಸ್ತಿ ಐತೆ."

"ಹಂಗಾದ್ರೆ ಸಿದ್ದಕ್ಕನ ಎಮ್ಮೇದೇ" ಎಂದ ಮಂಜಣ್ಣ, ಒಂದು ಗಳಿಗೆಯೂ ಯೋಚಿಸದೆ.

ಯತ್ತಪ್ಪ ಕುಣಿಯುವುದೊಂದು ಬಾಕಿ. ಗ್ಯಾಸ್ಕೆಟ್ ಗಟ್ಟಿಯಾಗಿತ್ತು, ಬ್ಲಾಕು ಗಟ್ಟಿಯಾಗಿತ್ತು, ಹೆಡ್ಡು ಇದ್ದ ಜಾಗದಲ್ಲೇ ಇತ್ತು. ದುರುಗಣ್ಣ ಡೀಸೆಲ್ ಹಾಕಿ ಒಳಗೆಲ್ಲ ತೊಳೆದ, ಹೊಸ ಎಣ್ಣೆ ಹಾಕಿ ಓಡಿಸಿ ಚೆಲ್ಲಿದ, ಮತ್ತೆ ಹೊಸ ಎಣ್ಣೆ ಹಾಕಿದ. ಇಳಿಮಧ್ಯಾಹ್ನ ಕೀಲಿ ತಿರುವಿದಾಗ ಕಾರು ಎಳೆ ಮಗು ನಿದ್ದೆಯಲ್ಲಿ ಉಸಿರಾಡಿದಂತೆ ಸದ್ದು ಮಾಡಿತು.

"ಎಂಜಿನ್ ಇಳಿಸ್ಬೇಕಾಗಿಲ್ಲ?" ಎಂದು ಮಂಜಣ್ಣ ಮಗಳ ಮದುವೆ ಮುರಿದುಬಿದ್ದವನ ಹಾಗೆ ಕೇಳಿದ.

"ಒಂದ್ ನಟ್ಟೂ ಇಳಿಸ್ಬೇಕಾಗಿಲ್ಲ" ಎಂದ ದುರುಗಣ್ಣ.

ಯತ್ತಪ್ಪ ಹಾರನ್ ಬಾರಿಸುತ್ತಲೇ ಬೀದಿಗೆ ಬಂದ. ಹಾಲಿನ ಸುದ್ದಿ ಮಾತ್ರ ಅವನಿಗಿಂತ ಮೊದಲೇ ಮುಟ್ಟಿತ್ತು. ಸಿದ್ದಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. "ನನ್ ಹಾಲು ನಿನ್ ಕಾರಿಗೆ ಹುಯ್ಯೋಕೆ ನನಗೇನ್ ಹುಚ್ಚಾ? ಮತ್ತೆ ಅದೇನೋ ನೀರು ಅಂದ್ರಂತೆ, ಯಾವ ಬಾಯಿ ಅಂದಿದ್ದು?" ಮಂಜಣ್ಣನ ಟ್ರ್ಯಾಕ್ಟರ್ ಬೇರೆ ಬೀದಿಗೆ ತಿರುಗಿತು.

ಯಶೋದಾ ಪಾತ್ರೆ ಹಿಡಿದು ಮುಂದೆ ಕೂತಳು. ಹೊಲದಿಂದ ಬಂದಿದ್ದ ಜುಂಜಮ್ಮ ಕಾರಿಗೆ ಕೈ ಮುಗಿದು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹಿಂದೆ ಕೂತಳು. "ಚಪ್ಪಲಿ ಹಾಕ್ಕೊಂಡೇ ಕುಂತ್ಕಳವ್ವ, ನಮ್ದೇ ಕಾರು" ಎಂದರೆ, "ಬ್ಯಾಡಪ್ಪ, ತಪ್ಪಾಗ್ತೈತೆ" ಎಂದಳು. ಯತ್ತಪ್ಪ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿ ಕೀಲಿ ತಿರುವಿದ.

ಹೊಸದುರ್ಗ ದಾಟಿದರು. ಗುಡ್ಡದ ಮೇಲಿನ ಗಾಳಿಯಂತ್ರಗಳು ಬಿಸಿಲು ಇಳಿದ ಆಕಾಶದಲ್ಲಿ ನಿಧಾನ ತಿರುಗುತ್ತಿದ್ದವು. ದೀಪ ಹಚ್ಚುವ ಹೊತ್ತಿಗೆ ಇನ್ನೂ ಸಮಯವಿತ್ತು. ಯಶೋದಾ ಬೆಳಗಿನಿಂದ ಮೊದಲ ಸಲ ನಕ್ಕಳು.

"ಅಲ್ಲಾ, ಆ ಹಾಲು ಹುಯ್ದ ಪುಣ್ಯಾತ್ಮ ಯಾರಿರ್ಬೋದು? ನಮ್ ವಿನೋದನೇ ಯಾರ ಕೈಲಾದ್ರೂ ಹುಯ್ಸಿದ್ನೋ ಏನೋ!"

"ನಾನೇ ಕಣವ್ವ" ಎಂದಳು ಹಿಂದಿನಿಂದ ಜುಂಜಮ್ಮ.

ಕಾರು ಸಣ್ಣಗೆ ಓಲಾಡಿತು. "ಅವ್ವಾ! ನೀನಾ? ಯಾಕೆ?"

"ನಿನ್ನೆ ಸಂಜೆ ನೀನು ಮಂಡಕ್ಕಿ ತಿಂತಿದ್ಯಲ್ಲ, ಆಗ ನಾಗಪ್ಪ ಬಂದ. ಗಾಲಿ ಮೇಲಿಂದ ಹತ್ತಿ ಸರ್ರನೆ ಇದರೊಳಗೆ ಹೋದ. ನೋಡಿದ್ರೆ ಒಂದು ತೂತು, ಥೇಟ್ ಹುತ್ತದ ಬಾಯಂಗೇ ಇತ್ತು. ಮನೆಗೆ ಬಂದವ್ನನ್ನ ಬರಿಗೈಲಿ ಬಿಡಕಾಗ್ತೈತಾ? ಒಂದ್ ಚೊಂಬು ಹಾಲು ಎರೆದೆ. ನಿಮಗೇಳಿದ್ರೆ ದೊಣ್ಣೆ ತಗಂಬತ್ತಿದ್ರಿ. ಅದಕ್ಕೇ ಸುಮ್ನಿದ್ದೆ."

ಯಶೋದಾ ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿಕೊಂಡಳು.

"ಅವ್ವಾ... ಆಮೇಲೆ ಹೊರಗೆ ಬಂತಾ ಅದು?"

"ನಾನ್ ನೋಡ್ಲಿಲ್ಲಪ್ಪ" ಎಂದಳು ಜುಂಜಮ್ಮ ಸಮಾಧಾನವಾಗಿ.

ಅದೇ ಹೊತ್ತಿಗೆ ಬಾನೆಟ್ಟಿನ ಸಂದಿಯಿಂದ ಏನೋ ಕಪ್ಪಗೆ, ಸಣ್ಣಗೆ ಹೊರಗೆ ಚಾಚಿ ಗಾಜಿನ ಮೇಲೆ ಆಡಿತು. ನಾನು ವೈಪರ್ ಹಾಕಿಲ್ಲವಲ್ಲ ಎಂದುಕೊಂಡ ಯತ್ತಪ್ಪ. ವೈಪರ್ ಸುರುಳಿ ಸುತ್ತಿಕೊಂಡು ಮತ್ತೆ ಒಳಗೆ ಹೋಯಿತು.

ಕಾರು ಯಾವಾಗ ನಿಂತಿತು, ಬಾಗಿಲು ಯಾರು ತೆಗೆದರು, ಒಬ್ಬರಿಗೂ ನೆನಪಿಲ್ಲ. ನೆನಪಾಗುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ರಸ್ತೆಯ ಆಚೆ ಬದಿಯಲ್ಲಿದ್ದರು. ಜುಂಜಮ್ಮ ಮಾತ್ರ ನಿಧಾನವಾಗಿ ಇಳಿದು ಬಾಗಿಲು ಹಾಕಿ ಬಂದಳು. ಯತ್ತಪ್ಪ ದುರುಗಣ್ಣನಿಗೆ ಫೋನು ಮಾಡಿದ. ಹಾವಿನ ಸುದ್ದಿ ಹೇಳಿದ. ಬೆಳಗಿನಿಂದ ತಾನು ಎಲ್ಲೆಲ್ಲಿ ಕೈ ಹಾಕಿದ್ದೆ ಎಂದು ದುರುಗಣ್ಣ ನೆನಪಿಸಿಕೊಳ್ಳುತ್ತಿದ್ದ.

"ಅಣ್ಣಾ, ಗಾಡಿ ಮುಟ್ಬ್ಯಾಡ್ರಿ" ಎಂದ ಕೊನೆಗೆ. "ಹಾವು ಹಿಡಿಯೋರನ್ನೂ ಕರ್ಕೊಂಡು ಬತ್ತೀನಿ. ಆ ಸಂದೀಲಿ ಸೇರ್ಕೊಂಡಿದ್ರೆ ಹಂಗೆಲ್ಲ ಸಿಗಲ್ಲ. ಎಂಜಿನ್ ಇಳಿಸ್ಬೇಕು."

ಗ್ಯಾರೇಜಿಗೆ ವಾಪಸಾಗಿದ್ದ ಮಂಜಣ್ಣನ ಗೆದ್ದ ದನಿ ಫೋನಿನಲ್ಲಿ ಹಿಂದಿನಿಂದ ಕೇಳಿತು: "ನಾನ್ ಬೆಳಿಗ್ಗೇನೇ ಹೇಳ್ಲಿಲ್ವಾ?"

ಹೊಳಲ್ಕೆರೆಯ ಬಸ್ಸು ಬಂದು ನಿಂತಿತು. ಯಶೋದಾ ಬಸ್ಸನ್ನು ನೋಡಿದಳು, ಕಾರನ್ನು ನೋಡಿದಳು, ಕಂಕುಳಲ್ಲಿದ್ದ ಪಾತ್ರೆಯನ್ನು ನೋಡಿದಳು. ಸೆರಗು ಬಿಗಿದುಕೊಂಡು ಬಸ್ಸು ಹತ್ತಿದಳು. ಅವಳ ಹಿಂದೆ ಮೆಟ್ಟಿಲ ಮೇಲೆ ಕಾಲಿಟ್ಟ ಜುಂಜಮ್ಮ, ಕಾರಿನಿಂದ ಹತ್ತು ಮಾರು ದೂರ ಕಾವಲು ನಿಂತ ಮಗನ ಕಡೆ ತಿರುಗಿದಳು.

"ಯತ್ತಾ, ಇಳಿಸೋವಾಗ ಮೆತ್ತಗೆ ಇಳಿಸಕ್ಕೇಳಪ್ಪ. ಹಾಲು ಕುಡಿದು ಮಲಗಿರ್ತಾನೆ."