ಚಿಗವ್ವನ ಗೋಡೆ ಉಸಿರಾಡಿದ್ದು

ನಮ್ಮ ಚಿಗವ್ವನಿಗೆ ಕರೆಂಟಿನ ಮೇಲೆ ಗುಮಾನಿ. ಕರೆಂಟಿಗೂ ಅವಳ ಮೇಲೆ ಇದ್ದಿರಬೇಕು, ಪಾಪ!

ಹರಪನಹಳ್ಳಿಯಿಂದ ಹಡಗಲಿ ಕಡೆ ಹೋಗುವಾಗ ಅವಳ ಊರು ಸಿಗುತ್ತದೆ. ಹಿಂದಿನ ಗುಡ್ಡದ ತುಂಬ ಕರೆಂಟು ಮಾಡುವ ಗಾಳಿ ಫ್ಯಾನುಗಳು. ಇಳಿಬಿಸಿಲಲ್ಲಿ ಅವುಗಳ ರೆಕ್ಕೆಯ ನೆರಳು ಸದ್ದಿಲ್ಲದೆ ಅಂಗಳ ದಾಟುತ್ತದೆ. ಪ್ರತಿ ಸಲವೂ ಚಿಗವ್ವ ಕಾಲು ಮೇಲೆತ್ತುತ್ತಾಳೆ. "ಅದರಾಗ ಕರೆಂಟ್ ಐತಲೇ, ತುಳೀಬ್ಯಾಡ!" ನಾನು ಬಿದ್ದುಬಿದ್ದು ನಕ್ಕೆ. ಮುಂದಿನ ನೆರಳು ಬಂದಾಗ ನೋಡಿದರೆ ನನ್ನ ಕಾಲೂ ಮೇಲೆ!

ಕರೆಂಟಿಗೆ ಸೊನ್ನೆ ಬಿಲ್ಲು ಬಂದಾಗ ಊರೆಲ್ಲ ಹಿಗ್ಗಿತು, ಇವಳು ಹೆದರಿದಳು.

"ನಂದು ಯಾರು ಕಟ್ಟಿದ್ರು?"

"ಸರ್ಕಾರ ಕಟ್ತತಿ, ಅಮ್ಮಾ," ಎಂದ ಬಿಲ್ಲಿನವನು.

"ಬೀಗರಲ್ಲ, ಬಳಗ ಅಲ್ಲ, ಸುಮ್ಸುಮ್ನ ಯಾಕ ಕಟ್ತತಿ? ನನ್ನಿಂದ ಏನು ಬೇಕಾಗೈತಂತ ಕೇಳ್ಕೊಂಡು ಬಾ!"

ಅವನು ಮಿಷನ್ ಬಗಲಿಗಿಟ್ಟುಕೊಂಡು ಓಟ ಕಿತ್ತ.

ಹೋದ ಬೇಸಿಗೆಯಲ್ಲಿ ಫೋನ್ ಬಂತು. "ನಮ್ಮನಿ ಗೋಡಿ ಉಸಿರಾಡಾಕ ಹತ್ತೈತಿ. ಜಲ್ದಿ ಬಾ."

ನಗುತ್ತಲೇ ಹೋದೆ. ಮಟಮಟ ಮಧ್ಯಾಹ್ನ. ಅಡುಗೆಮನೆಯ ಗೋಡೆಗೆ ಕಿವಿ ಇಟ್ಟೆ. ಫುಸ್ಸ್... ಸ್ವಲ್ಪ ತಡೆದು, ಮತ್ತೆ ಫುಸ್ಸ್... ಇಟ್ಟಿಗೆಗಳ ನಡುವೆ ಯಾರೋ ಮಲಗಿ ನಿಧಾನಕ್ಕೆ ಉಸಿರೆಳೆಯುವ ಹಾಗೆ! ನನ್ನ ನಗು ಎಲ್ಲಿ ಹೋಯಿತೋ.

ಮೇನ್ ಸ್ವಿಚ್ ಆಫ್ ಮಾಡಿದೆ. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು. ಉಸಿರು ನಿಲ್ಲಲಿಲ್ಲ. ಮೀಟರಿನ ಕೆಂಪು ದೀಪವೂ ಮಿಟುಕುತ್ತಲೇ ಇತ್ತು! ಮನೆಯಲ್ಲಿ ಒಂದು ಬಲ್ಬೂ ಉರಿಯುತ್ತಿಲ್ಲ. ಹಾಗಾದರೆ ಕರೆಂಟು ಕುಡಿಯುತ್ತಿರುವವರು ಯಾರು?

"ಯಾರಪಾ ನೀನು? ಬಾಯಿ ಬಿಡು!" ಚಿಗವ್ವ ಗೋಡೆಯನ್ನೇ ಗದರಿಸಿದಳು.

ಗೋಡೆ ಕೆಮ್ಮಿತು!

ನಾನು ಹೊರಗೆ ಓಡಿದೆ. ಓಡಿದ್ದೇ ಒಳ್ಳೆಯದಾಯಿತೆನ್ನಿ, ಮೀಟರಿನ ಬುಡದಲ್ಲಿ ಒಂದು ಹೊಸ ವೈರು ಕಣ್ಣಿಗೆ ಬಿತ್ತು. ಮೇನ್ ಸ್ವಿಚ್ಚಿಗೆ ಸೇರುವ ಮೊದಲೇ ಕವಲೊಡೆದು, ಸೂರಿನಡಿ ಹಾದು, ಗೋಡೆಯಾಚೆ ಇಳಿದಿತ್ತು. ಆಚೆಯದು ಅವಳ ವಾರಗಿತ್ತಿಯ ಮನೆ. ಪಾಲಾದಾಗ ಜಗಳವಾಡಿ ಎಬ್ಬಿಸಿದ ಗೋಡೆಯೇ ಇದು. ಅವರ ಬಾಗಿಲು ಹಿಂದಿನ ಓಣಿಗೆ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಅವರ ಸುದ್ದಿ ಎತ್ತಿದವರಿಗೆ ಚಿಗವ್ವನ ಮನೆಯಲ್ಲಿ ಚಹಾ ಕೂಡ ಇಲ್ಲ!

"ಕಳ್ಳರು! ಈಗ ಕತ್ತರಿಸ್ತೀನಿ ನೋಡು!" ಇಕ್ಕಳ ಹಿಡಿದು ಅವಳು ಹಿಂದಿನ ಓಣಿಗೆ ನುಗ್ಗಿದಳು. ಹಿಂದೆ ನಾನು.

ಒಳಗೆ ಮಂಚದ ಮೇಲೆ ವಾರಗಿತ್ತಿ ಮಲಗಿದ್ದಳು. ಮೂಗಿಗೆ ನಳಿಕೆ. ಪಕ್ಕದಲ್ಲಿ ಆಕ್ಸಿಜನ್ ಮಿಷನ್, ಫುಸ್ಸ್... ಫುಸ್ಸ್...

ಮಗ ಗಾಬರಿಯಿಂದ ಎದ್ದ. "ಚಿಗವ್ವಾ, ಮೊನ್ನೆ ದವಾಖಾನಿಂದ ಕರ್ಕೊಂಡು ಬಂದ್ವಿ. ನಮ್ಮ ಓಣಿ ಟ್ರಾನ್ಸ್‌ಫಾರ್ಮರ್ ಸುಟ್ಟೈತಿ. ನಿನ್ನ ಕೇಳಾಕ ಮುಖ ಇರಲಿಲ್ಲ... ಇದು ಬಂದ್ ಆದ್ರ ಅವ್ವ ಉಳಿಯಂಗಿಲ್ಲ."

ಚಿಗವ್ವ ಇಕ್ಕಳವನ್ನು ಮೆಲ್ಲಗೆ ಸೆರಗಿನೊಳಗೆ ಸರಿಸಿದಳು. ಮಂಚದ ಅಂಚಿಗೆ ಕುಳಿತು, ಆ ಒಣಗಿದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಎಷ್ಟೋ ವರ್ಷಗಳ ಮೇಲೆ ಅವಳು ವಾರಗಿತ್ತಿಯೊಡನೆ ಆಡಿದ ಮೊದಲ ಮಾತು:

"ಅಕ್ಕಾ, ಕರೆಂಟ್ ಸಾಲ್ತತೇನು?"