ಸಾಕು ಎನ್ನಲು ಒಬ್ಬರು

ನಾನು ಕುಡಿಯುತ್ತೇನೆ. ಇದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ನಿಮಗೂ ಅನುಕೂಲ. ಆದರೆ ಹೇಳಿದ ಕೂಡಲೇ ನಿಮ್ಮ ಕಣ್ಣ ಮುಂದೆ ಬಂದ ಚಿತ್ರ ನನ್ನದಲ್ಲ. ವಾರಕ್ಕೊಮ್ಮೆ, ಶನಿವಾರ ಸಂಜೆ, ಮನೆಯ ಜಗಲಿಯಲ್ಲಿ ಕುಳಿತು ಎರಡು ಪೆಗ್ಗು. ಅದರ ಮೇಲೆ ಊಟ, ನಿದ್ದೆ. ನನ್ನಂಥವರಿಗೆ ಕೇರಳದ ಗಡಿಯಲ್ಲಿರುವ ನಮ್ಮ ಕುಂಜತ್ತೂರಿನಲ್ಲಿ ಪಕ್ಷವೂ ಇಲ್ಲ, ಸಂಘವೂ ಇಲ್ಲ. ಕುಡಿಯುವವರು ನನ್ನನ್ನು ಜಿಪುಣ ಎನ್ನುತ್ತಾರೆ, ಕುಡಿಯದವರು ಕುಡುಕ ಎನ್ನುತ್ತಾರೆ. ಸರಕಾರಿ ಮದ್ಯದಂಗಡಿಯ ಸಾಲಿನಲ್ಲಿ ನಿಂತರೆ ಯಾರಾದರೊಬ್ಬ ವಿದ್ಯಾರ್ಥಿಯ ತಂದೆ ಹಿಂದಿನಿಂದ ಬಂದು, "ಮಾಷ್ಟ್ರೇ, ನಮ್ಮವನು ವಿಜ್ಞಾನದಲ್ಲಿ ಹೇಗೆ?" ಎಂದು ಕೇಳಿಯೇ ಕೇಳುತ್ತಾರೆ. ಅವರೂ ಅದೇ ಸಾಲಿನಲ್ಲಿ ನಿಂತವರು. ಆದರೂ ತಲೆ ತಗ್ಗಿಸಬೇಕಾದವನು ನಾನು. ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಸಾಲೇ ಇಲ್ಲ, ನಡೆದು ಹೋಗುವಷ್ಟು ದೂರ. ಆದರೆ ಅಲ್ಲಿಂದ ಬಾಟ್ಲಿ ತಂದರೆ ಕಾನೂನು ಮುರಿದಂತೆ. ಮಿತವಾಗಿ ಕುಡಿಯುವವನು ಮಿತವಾಗಿಯಾದರೂ ಕಾನೂನು ಪಾಲಿಸಬೇಡವೇ?

ಈ ಎರಡು ಪೆಗ್ಗಿನ ಲೆಕ್ಕ ನಾನು ಹಾಕಿಕೊಂಡದ್ದಲ್ಲ. ನನ್ನ ಹೆಂಡತಿ ಸುಮತಿ ಹಾಕಿಕೊಟ್ಟದ್ದು. ಮದುವೆಯಾದ ಹೊಸತರಲ್ಲಿ ನಾನು ಕದ್ದು ಕುಡಿದು, ಏಲಕ್ಕಿ ಜಗಿದು ಮನೆಗೆ ಬರುತ್ತಿದ್ದೆ. ಒಂದು ದಿನ ಅವಳು, "ನೀವು ಇಷ್ಟು ಏಲಕ್ಕಿ ತಿಂದರೆ ಪಾಯಸಕ್ಕೆ ಎಂತ ಹಾಕುವುದು? ಇಲ್ಲೇ ಕೂತು ಕುಡಿಯಿರಿ ಮಾರಾಯ್ರೆ, ನನ್ನೆದುರು" ಎಂದಳು. ಅಂದಿನಿಂದ ಶನಿವಾರ ಸಂಜೆ ನನ್ನ ಕುರ್ಚಿಯ ಪಕ್ಕ ಅವಳ ಕುರ್ಚಿ. ಅವಳು ಮಲ್ಲಿಗೆ ಕಟ್ಟುತ್ತಲೋ ನೆಲಗಡಲೆ ಸುಲಿಯುತ್ತಲೋ ಕೂರುತ್ತಿದ್ದಳು. ಸುಲಿದ ಕಡಲೆಯಲ್ಲಿ ಮುಕ್ಕಾಲು ಪಾಲು ಅವಳೇ ತಿನ್ನುತ್ತಿದ್ದಳು. ಎರಡನೆಯ ಗ್ಲಾಸು ಖಾಲಿಯಾದಾಗ ತಲೆ ಎತ್ತದೆಯೇ "ಸಾಕು" ಎನ್ನುತ್ತಿದ್ದಳು. ಗದರಿಕೆಯಲ್ಲ, ಬೇಡಿಕೆಯೂ ಅಲ್ಲ. ಬಸ್ಸಿನ ಕಂಡಕ್ಟರು ನಿಲ್ದಾಣದ ಹೆಸರು ಹೇಳುವ ಹಾಗೆ. ನಾನು ಇಳಿಯುತ್ತಿದ್ದೆ. ಇಪ್ಪತ್ತೆರಡು ವರ್ಷ ನನ್ನ ಸಂಯಮದ ಬಗ್ಗೆ ನನಗೇ ಬಹಳ ಹೆಮ್ಮೆಯಿತ್ತು.

ಸುಮತಿ ಕಾಯಿಲೆ ಬಿದ್ದು ನಾಲ್ಕೇ ತಿಂಗಳಲ್ಲಿ ಹೋಗಿಬಿಟ್ಟಳು. ನಮಗೆ ಮಕ್ಕಳಿಲ್ಲ. ಬಂದ ನೆಂಟರು ಹದಿನಾರನೆಯ ದಿನಕ್ಕೆ ಹಿಂತಿರುಗಿದರು. ನಾನು ಶಾಲೆಗೆ ಹೋಗಿ ಬಂದು, ಅನ್ನ ಬೇಯಿಸಿ, ರೇಡಿಯೋ ಹಾಕಿ ಮಲಗುತ್ತಿದ್ದೆ. ಕೆಲವು ತಿಂಗಳು ಬಾಟ್ಲಿಯ ನೆನಪೇ ಆಗಲಿಲ್ಲ. ಒಂದು ಶನಿವಾರ ನೆನಪಾಯಿತು. ಜಗಲಿಯಲ್ಲಿ ಕುಳಿತೆ. ಒಲೆಯ ಮೇಲೆ ಕುಚ್ಚಲಕ್ಕಿ ಬೇಯುತ್ತಿತ್ತು. ಮೊದಲನೆಯದು ಮುಗಿಯಿತು, ಎರಡನೆಯದೂ ಮುಗಿಯಿತು. ನಾನು ಕಾದೆ. ಯಾರೂ ಏನೂ ಹೇಳಲಿಲ್ಲ. ಮೂರನೆಯದನ್ನು ಹಾಕಿಕೊಂಡೆ. ನಾಲ್ಕನೆಯದು ಹಾಕಿದ್ದು ನೆನಪಿದೆ, ಆಮೇಲಿನದು ನೆನಪಿಲ್ಲ.

ಎಚ್ಚರವಾದಾಗ ಪಕ್ಕದ ಮನೆಯ ಮೂಸಾ ಹಾಜಿಯವರು ನನ್ನ ಅಡುಗೆಮನೆಯಲ್ಲಿ ನಿಂತಿದ್ದರು. ಮನೆ ತುಂಬ ಹೊಗೆ. ಪಾತ್ರೆಯ ತಳದಲ್ಲಿ ಅನ್ನ ಇದ್ದಿಲಾಗಿತ್ತು. ಹಾಜಿಯವರು ಗಲ್ಫಿನಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ ಬಂದವರು. ಸೀದ ವಾಸನೆ ಎಷ್ಟು ದೂರದಿಂದಲೂ ಅವರ ಮೂಗಿಗೆ ಸಿಗುತ್ತದೆ. ಗ್ಯಾಸ್ ಆರಿಸಿ, ಕಿಟಕಿ ತೆರೆದು, ನನ್ನ ಮುಖಕ್ಕೆ ನೀರು ಚಿಮುಕಿಸಿದರು. ಬಾಟ್ಲಿಯನ್ನು ಒಮ್ಮೆ ನೋಡಿ, ತಮ್ಮ ಮನೆಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಅವರ ಹೆಂಡತಿ ಆಯಿಶಮ್ಮ ಕೊಟ್ಟ ಪತ್ತಿರಿ ಎಂಬ ಅಕ್ಕಿರೊಟ್ಟಿ, ಮೀನುಸಾರು ಹಿಡಿದುಕೊಂಡು ಮತ್ತೆ ಬಂದರು. ನಾಚಿಕೆಯಾಗಿತ್ತು, ಆದರೂ ಎಲ್ಲವನ್ನೂ ತಿಂದೆ. ಸಾರು ಅಷ್ಟು ಚೆನ್ನಾಗಿತ್ತು.

ಸೋಮವಾರವೇ ಸುಧಾರಣೆ ಕೈಗೊಂಡೆ. ಶಾಲೆ ಬಿಟ್ಟ ಮೇಲೆ ಮಂಗಳೂರಿಗೆ ಹೋಗಿ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ಒಂದು ಅಳತೆ ಜಾಡಿ ತಂದೆ. ದ್ರವದ ಮೇಲ್ಮೈಯ ತಗ್ಗಿದ ಭಾಗಕ್ಕೆ ಕಣ್ಣನ್ನು ಸಮನಾಗಿ ಇಟ್ಟು ಅಳತೆ ಓದಬೇಕೆಂದು ಎಂಟನೆಯ ತರಗತಿಗೆ ವರ್ಷಗಟ್ಟಲೆ ಕಲಿಸಿದವನು ನಾನು. ಆ ವಿದ್ಯೆ ನನಗೇ ಉಪಯೋಗಕ್ಕೆ ಬಂದದ್ದು ಆಗಲೇ. ಜಾಡಿ ಪ್ರಾಮಾಣಿಕವಾಗಿಯೇ ಇತ್ತು. ಆದರೆ ಅದಕ್ಕೆ ಅಳೆಯಲು ಬರುತ್ತಿತ್ತೇ ಹೊರತು ಮಾತಾಡಲು ಬರುತ್ತಿರಲಿಲ್ಲ. ಎರಡು ಅಳತೆ ಮುಗಿದ ಮೇಲೆ ಮೂರನೆಯದನ್ನೂ ಅಷ್ಟೇ ನಿಖರವಾಗಿ ಅಳೆದುಕೊಟ್ಟಿತು.

ಒಬ್ಬನೇ ಕುಡಿಯುವುದೇ ತಪ್ಪು ಎಂದುಕೊಂಡು ಮುಂದಿನ ವಾರ ನಮ್ಮ ಶಾಲೆಯ ಚಿತ್ರಕಲೆ ಮಾಷ್ಟ್ರು ದಾಮೋದರನನ್ನು ಕರೆದೆ. ಅವನು ಜಾಡಿಯನ್ನು ಕಂಡು, "ಎಂತ ಮಾರಾಯ ಇದು, ಕೆಮ್ಮಿನ ಮದ್ದಾ?" ಎಂದು ನಕ್ಕ. ಬಾಟ್ಲಿಯನ್ನು ತನ್ನ ಕಡೆಗೆ ಎಳೆದುಕೊಂಡ. ಒಂದು ಗಂಟೆಯಲ್ಲಿ ಅದು ಖಾಲಿ. ಅವನ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಕೇಳಬೇಡಿ, ನನ್ನದು ಎರಡೇ. ಆಮೇಲೆ ಅವನು ತನ್ನ ಅಣ್ಣನ ಜೊತೆಗಿನ ಜಗಳವನ್ನು ಮೊದಲಿನಿಂದ ಹೇಳಿ ಅತ್ತ. ಕಣ್ಣೊರೆಸಿಕೊಂಡು ಸ್ಕೂಟರಿನ ಕೀಲಿಕೈ ಕೇಳಿದ. ಅದನ್ನು ನಾನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಿದ್ದೆ. "ಕೊಡು ಮಾರಾಯ, ಹೆದ್ದಾರಿ ನನಗೆ ಬಾಯಿಪಾಠ ಉಂಟು" ಎಂದು ಗೋಗರೆದ. "ಹೆದ್ದಾರಿಯಲ್ಲಿ ಬರುವ ಲಾರಿಗಳೂ ಬಾಯಿಪಾಠ ಉಂಟಾ?" ಎಂದೆ. ಜಗಲಿಯಲ್ಲೇ ಚಾಪೆ ಹಾಸಿ ಮಲಗಿಸಿ, ಅವನ ಹೆಂಡತಿಗೆ ಫೋನು ಮಾಡಿದೆ. ಆಕೆ ನನಗೇ ಬೈದರು. ಅವನನ್ನು ಕುಡಿಯಲು ಕರೆದವನು ನಾನೇ ತಾನೇ.

ಭಾನುವಾರ ಬೆಳಿಗ್ಗೆ ಹಾಜಿಯವರು ಆವರಣದ ಗೋಡೆಯ ಆಚೆ ಬಸಳೆಗೆ ನೀರು ಹಾಕುತ್ತಿದ್ದರು. ನಾನು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಹಾಜಿಯವರೇ, ನನಗೆ ಕುಡಿಯುವುದಕ್ಕೆ ಜನ ಬೇಡ. ಸಾಕು ಅಂತ ಹೇಳುವುದಕ್ಕೆ ಒಬ್ಬರು ಬೇಕು." ಹೇಳುವಾಗ ತಮಾಷೆಗೆಂದೇ ಹೇಳಿದ್ದು. ಸ್ವರ ಮಾತ್ರ ಕೊನೆಯಲ್ಲಿ ಸ್ವಲ್ಪ ಕೈಕೊಟ್ಟಿತು.

ಹಾಜಿಯವರು ನೀರಿನ ಪೈಪು ಕೆಳಗಿಟ್ಟರು. "ನೀವು ಕುಡಿಯುವುದು ನನಗೆ ಸರಿ ಕಾಣುವುದಿಲ್ಲ ಮಾಷ್ಟ್ರೇ. ಆ ಬಾಟ್ಲಿ ಇರುವ ಮೇಜಿನ ಹತ್ತಿರ ನಾನು ಕೂತುಕೊಳ್ಳುವುದೂ ಇಲ್ಲ" ಎಂದರು. ಸ್ವಲ್ಪ ಯೋಚಿಸಿ, "ಆದರೆ ನಮಾಜು ಮುಗಿಸಿ ಬಂದ ಮೇಲೆ ಇಲ್ಲಿಂದ ಒಂದು ಮಾತು ಕರೆದು ಹೇಳಬಹುದು. ಅದಕ್ಕೆ ಎಂತ ತೊಂದರೆ ಉಂಟು?" ಎಂದರು.

ಅಂದಿನಿಂದ ಪ್ರತಿ ಶನಿವಾರ ಏಳೂವರೆಗೆ ಗೋಡೆಯ ಆಚೆಯಿಂದ "ಮಾಷ್ಟ್ರೇ, ಸಾಕು!" ಎಂಬ ಕೂಗು. "ಆಯಿತು ಹಾಜಿಯವರೇ" ಎಂದು ನಾನು ಮುಚ್ಚಳ ತಿರುಗಿಸಿ ಎದ್ದೇಳುತ್ತಿದ್ದೆ. ಸುಮತಿಯದು ಮೆಲುದನಿ. ಇವರದು ಹೋಟೆಲಿನಲ್ಲಿ ಅಡುಗೆಮನೆಗೆ ಆರ್ಡರು ಕೂಗಿ ಪಳಗಿದ ಗಂಟಲು. ತಿಂಗಳೊಳಗೆ ಕೇರಿಗೆಲ್ಲ ನನ್ನ ವೇಳಾಪಟ್ಟಿ ಗೊತ್ತಾಯಿತು. ಆ ಕೂಗು ಕೇಳಿ ಎದುರುಮನೆಯವರು ಟಿವಿ ಹಾಕುತ್ತಿದ್ದರು. ಮರ್ಯಾದೆ ಹೋಯಿತು, ನಿಜ. ಆದರೆ ವಾರದಲ್ಲಿ ಒಮ್ಮೆಯಾದರೂ ನನ್ನನ್ನು ಹೆಸರು ಹಿಡಿದ ಹಾಗೆ ಕರೆಯುವ ಒಂದು ಸ್ವರವಿತ್ತು. ಶುಕ್ರವಾರದಿಂದಲೇ ನಾನು ಕಾಯುತ್ತಿದ್ದದ್ದು ಬಾಟ್ಲಿಗಲ್ಲ ಎಂದು ನನಗೆ ಮೆಲ್ಲನೆ ತಿಳಿಯಿತು.

ಆಯಿಶಮ್ಮ ಮಗಳ ಬಾಣಂತನಕ್ಕೆಂದು ದುಬೈಗೆ ಹೋದದ್ದು ಆ ವರ್ಷದ ಮಳೆಗಾಲ ಮುಗಿದ ಮೇಲೆ. ಮುಂದಿನ ಶನಿವಾರ ನಾನು ಬಾಟ್ಲಿಯ ಮುಚ್ಚಳ ತೆರೆಯುತ್ತಿರುವಾಗಲೇ ಕೂಗು ಬಂತು, "ಮಾಷ್ಟ್ರೇ, ಸಾಕು!"

"ಹಾಜಿಯವರೇ, ನಾನು ಇನ್ನೂ ಶುರುವೇ ಮಾಡಲಿಲ್ಲ!"

ಹಾಜಿಯವರು ಗೋಡೆಯ ಹತ್ತಿರಕ್ಕೆ ಬಂದರು. ಆಮೇಲೆ, ಅವರ ಸ್ವರವೇ ಅಲ್ಲವೆಂಬಷ್ಟು ಮೆಲ್ಲಗೆ, "ಹಾಗಾದರೆ ಶುರು ಮಾಡುವುದು ಬೇಡ. ಇಲ್ಲಿ ಬನ್ನಿ, ಚಾ ಕುಡಿಯುವ. ಇಷ್ಟು ವರ್ಷ ನೂರು ಜನಕ್ಕೆ ಚಾ ಮಾಡಿದ್ದೇನೆ. ಒಬ್ಬನಿಗೆ ಎಷ್ಟು ಹಾಕಬೇಕೂಂತ ಅಂದಾಜು ಸಿಗುವುದಿಲ್ಲ" ಎಂದರು.

ಹೋದೆ. ಹಾಜಿಯವರ ಚಹಾ ಅಂದರೆ ಗ್ಲಾಸಿನ ಅರ್ಧಕ್ಕೆ ಸಕ್ಕರೆ. ಅವರು ಗಲ್ಫಿನ ಬಿಸಿಲಿನ ಕಥೆ ಹೇಳಿದರು, ನಾನು ಸುಮತಿಯ ಏಲಕ್ಕಿಯ ಕಥೆ ಹೇಳಿದೆ. ಅವರು ಎಷ್ಟು ನಕ್ಕರೆಂದರೆ ಇನ್ನೊಂದು ಗ್ಲಾಸು ಚಹಾ ಆಯಿತು. ಅದರ ಮೇಲೆ ಇನ್ನೊಂದು. ಆಯಿಶಮ್ಮ ಆರು ತಿಂಗಳು ಬರಲಿಲ್ಲ. ಶನಿವಾರ ಮಾತ್ರ ಇದ್ದ ಚಹಾ ಬುಧವಾರಕ್ಕೂ ಬಂತು, ಆಮೇಲೆ ದಿನಕ್ಕೂ. ನನ್ನ ಬಾಟ್ಲಿಯ ಮೇಲೆ ಧೂಳು ಕೂತಿತು.

ಮೊನ್ನೆ ಕಾಲು ಜೋಮು ಹಿಡಿಯುತ್ತದೆಂದು ಡಾಕ್ಟರ ಬಳಿ ಹೋದೆ. ಹಾಜಿಯವರೂ ಜೊತೆಗೆ ಬಂದು ಹೊರಗೆ ಬೆಂಚಿನಲ್ಲಿ ಕುಳಿತರು. ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿ, "ಶುಗರ್ ಜಾಸ್ತಿ ಉಂಟಲ್ಲ. ಡ್ರಿಂಕ್ಸ್ ಉಂಟಾ?" ಎಂದು ಕೇಳಿದರು. "ಹಿಂದೆ ಇತ್ತು, ಶನಿವಾರ ಎರಡು. ಈಗ ಅದೂ ಇಲ್ಲ" ಎಂದು ತಲೆ ಎತ್ತಿಯೇ ಹೇಳಿದೆ. "ಒಳ್ಳೆಯದು. ಮತ್ತೆ, ಚಾ?" ಎಂದರು. ಅರೆತೆರೆದ ಬಾಗಿಲಿನಿಂದ ಹಾಜಿಯವರ ಬೆನ್ನು ಕಾಣುತ್ತಿತ್ತು.

ಮದ್ಯದಂಗಡಿಯ ಸಾಲಿನಲ್ಲಿ ಕೂಡ ಯಾರಿಗೂ ಸುಳ್ಳು ಹೇಳದ ನಾನು, "ಬೆಳಿಗ್ಗೆ ಒಂದು ಲೋಟ, ಸಕ್ಕರೆ ಇಲ್ಲದೆ" ಎಂದುಬಿಟ್ಟೆ.