ಕೆಂಪು ದ್ರಾವಣ, ನೀಲಿ ನಿರ್ದೇಶಕರು

ಎಲ್ಲ ಅನಾಹುತಕ್ಕೂ ಕಾರಣ ಒಂದು ಮುಚ್ಚಳ.

ಚಿನ್ನದ ನ್ಯಾನೊ ಕಣಗಳೊಂದಿಗೆ ಹಗಲಿಡೀ ಒದ್ದಾಡುತ್ತಿದ್ದುದರಿಂದ ಆ ಕಿರಿಯ ವಿಜ್ಞಾನಿಗೆ ಪ್ರಯೋಗಾಲಯದಲ್ಲಿ ಚಿನ್ನಪ್ಪನೆಂದೇ ಹೆಸರು. ಅವನ ಬಳಿ ದಾಳಿಂಬೆ ರಸದಂಥ ಕೆಂಪು ದ್ರಾವಣದ ಎರಡು ಸೀಸೆಗಳಿದ್ದವು. ಬಿಳಿ ಮುಚ್ಚಳದ್ದರಲ್ಲಿ ಪಾಲಿಮರ್ ಹೊದಿಕೆ ತೊಟ್ಟ ಕಣಗಳು. ಮೂತ್ರಪಿಂಡದ ಕಾಯಿಲೆಯವರ ಎಂಜಲು ಬಿದ್ದರೆ ಮಾತ್ರ ಅವು ನೀಲಿಯಾಗುತ್ತಿದ್ದವು. ಕರಿ ಮುಚ್ಚಳದ್ದರಲ್ಲಿ ಹೊದಿಕೆಯಿಲ್ಲದವು; ಯಾರ ಎಂಜಲಿನ ಉಪ್ಪು ಸೋಕಿದರೂ ಗಾಬರಿಬಿದ್ದು ನೀಲಿಯಾಗುತ್ತಿದ್ದವು.

ಅಂದು ನಿರ್ದೇಶಕರ ಮುಂದೆ ಪ್ರದರ್ಶನ. ಗೆದ್ದರೆ ಚಿನ್ನಪ್ಪನ ನೌಕರಿ ಖಾಯಂ, ಸೋತರೆ ಮನೆ ದಾರಿ. ಪಕ್ಕದ ಮೇಜಿನ ಸಹೋದ್ಯೋಗಿ, ಕೇಳದಿದ್ದರೂ ಸಹಾಯ ಮಾಡುವ ಅಕ್ಕ, ಸೀಸೆಯನ್ನು ತಾನೇ ತಟ್ಟೆಯಲ್ಲಿಟ್ಟು ತಂದಳು.

ನಿರ್ದೇಶಕರು ಉತ್ಸಾಹದಿಂದ ತಮ್ಮದೇ ಎಂಜಲು ಕೊಟ್ಟರು. ದ್ರಾವಣ ಶಾಯಿಯಂತೆ ನೀಲಿಯಾಯಿತು. ಅವರ ಮುಖ ಸುಣ್ಣ ಬಳಿದ ಗೋಡೆಯಾಯಿತು. "ನೀಲಿಯಲ್ಲೂ ಒಂದು ಗಾಂಭೀರ್ಯ ಇದೆ ಸಾರ್," ಎಂದು ವಿಭಾಗದ ಮುಖ್ಯಸ್ಥರು ಸಮಾಧಾನಪಡಿಸಿದರು. ನಿರ್ದೇಶಕರು ಹೆಂಡತಿಗೆ ಫೋನು ಹಚ್ಚತೊಡಗಿದರು.

ಆಗ ಚಿನ್ನಪ್ಪನ ಕಣ್ಣು ತಟ್ಟೆಯ ಮೇಲೆ ಬಿತ್ತು. ಅಲ್ಲಿದ್ದುದು ಕರಿ ಮುಚ್ಚಳ!

ಬಾಯಿ ಮುಚ್ಚಿಕೊಂಡಿದ್ದರೆ ನೌಕರಿ ಉಳಿಯುತ್ತಿತ್ತು. ಆದರೆ ಫೋನಿನಲ್ಲಿ ಮಕ್ಕಳ ಹೆಸರು ಬರತೊಡಗಿದಾಗ ಅವನಿಗೆ ತಡೆಯಲಾಗಲಿಲ್ಲ.

"ಸಾರ್, ನಿಮಗೇನೂ ಆಗಿಲ್ಲ. ಈ ಪರೀಕ್ಷೆ ಶುದ್ಧ ಸುಳ್ಳು."

ನಿರ್ದೇಶಕರಿಗೆ ಹೋದ ಜೀವ ಬಂತು. ಬಂದ ಜೀವದ ಮೊದಲ ಕೆಲಸವಾಗಿ ಚಿನ್ನಪ್ಪನನ್ನು ನೌಕರಿಯಿಂದ ತೆಗೆದರು.

ಅವನು ಮೇಜು ಖಾಲಿ ಮಾಡುತ್ತಿದ್ದಾಗ ಅಕ್ಕ ಬಂದಳು. "ಏನೋ ತಮ್ಮ ನೀನು, ಬಿಳಿ ಮುಚ್ಚಳ ಬಿರುಕು ಬಿಟ್ಟು ಸೋರ್ತಿತ್ತು ಅಂತ ಕರೀದು ಹಾಕಿದೆ. ಒಳಗಿದ್ದಿದ್ದು ನಿನ್ನ ಒಳ್ಳೇ ದ್ರಾವಣಾನೇ."

ಇಬ್ಬರೂ ಓಡಿದರು.

"ಆಗ ಕಾಯಿಲೆ ಇದೆ ಅಂದೆ, ಆಮೇಲೆ ಇಲ್ಲ ಅಂದೆ, ಈಗ ಮತ್ತೆ ಇದೆ ಅಂತೀಯಲ್ಲಪ್ಪ," ಎಂದು ನಿರ್ದೇಶಕರು ಗದರಿದರು. ಅಕ್ಕ ಬಿಡಲಿಲ್ಲ, ಅವರನ್ನು ಆಸ್ಪತ್ರೆಗೆ ಹೊರಡಿಸಿಯೇ ತೀರಿದಳು.

ಸಂಜೆ ಅವರು ಮರಳಿದಾಗ ಕಣ್ಣಲ್ಲಿ ನೀರಿತ್ತು. ಕಾಯಿಲೆ ನಿಜವೇ, ಇನ್ನೂ ಮೊಳಕೆಯಲ್ಲಿರುವುದರಿಂದ ಗುಣವಾಗುತ್ತದಂತೆ. ತಮ್ಮ ಜೀವ ಉಳಿಸಿದ ಅಪೂರ್ವ ಸಂಶೋಧನೆಯೆಂದು ಎಲ್ಲರೆದುರು ಹೊಗಳಿ, ಇಡೀ ಯೋಜನೆಯನ್ನು ಅಕ್ಕನ ಕೈಗೊಪ್ಪಿಸಿದರು.

ಬಾಗಿಲ ಬಳಿ ಪೆಟ್ಟಿಗೆ ಹೊತ್ತು ಆಸೆಗಣ್ಣಿನಿಂದ ನಿಂತಿದ್ದ ಚಿನ್ನಪ್ಪನತ್ತ ತಿರುಗಿ ಮೆಲ್ಲಗೆ ಹೇಳಿದರು:

"ಇಂಥಾ ಪರೀಕ್ಷೆನ ಸುಳ್ಳು ಅಂದೋನನ್ನ ಹೇಗಪ್ಪ ಇಟ್ಕೊಳ್ಳಲಿ?"